ಮುಯ್ಯಿ ಪುಸ್ತಕದ ಹಿಂದಿನ ಹಾಳೆಗಳು

ನನ್ನ ಮದುವೆಯ ಮುಯ್ಯಿ ಪುಸ್ತಕ ಇನ್ನೂ ಇದೆ. ಕೆಂಪು ಬಟ್ಟೆ ಅಂಟಿಸಿದ ರಟ್ಟು, ಉದ್ದನೆಯ ಹಾಳೆ, ಮೊದಲ ಪುಟದ ನೆತ್ತಿಗೆ ಅರಿಶಿನದ ಬೊಟ್ಟು, ಅದರ ಕೆಳಗೆ ‘ಶ್ರೀ’. 1981ರ ಬೇಸಿಗೆ. ರಾಯದುರ್ಗದ ನಮ್ಮ ಬೀದಿಯ ಚಪ್ಪರದ ಕೆಳಗೆ ಕೂತು ನನ್ನ ಸೋದರಮಾವ ಬರೆದದ್ದು: ಇಂಥವರು ಐದು ರೂಪಾಯಿ, ಇಂಥವರು ಹನ್ನೊಂದು ರೂಪಾಯಿ, ಸ್ಟೀಲ್ ಚೊಂಬು ಒಂದು, ರವಿಕೆ ಕಣ ಎರಡು. ಪಕ್ಕದ ತೆಲುಗು ಮನೆಯವರು ಇದನ್ನೇ ‘ಚದಿವಿಂಪು’ ಅನ್ನುತ್ತಾರೆ. ಓದಿಸುವುದು ಅಂತ ಅರ್ಥ. ಕೊಟ್ಟವರ ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಓದುತ್ತಾರಲ್ಲ, ಅದಕ್ಕೆ. ಮುಯ್ಯಿ ದಾನವಲ್ಲ, ಸಾಲವೂ ಅಲ್ಲ. ಅವರ ಮನೆಯಲ್ಲಿ ಕಾರ್ಯವಾದಾಗ ನಾವು ತಿರುಗಿಸಬೇಕು. ಮರೆತರೆ ಮಾನ ಹೋಗುತ್ತದೆ, ಅದಕ್ಕೇ ಬರೆದಿಡುವುದು.

ಆ ಪುಸ್ತಕದ ಮುಂದಿನ ಹದಿನೆಂಟು ಹಾಳೆ ಮದುವೆಯದು. ಹಿಂದಿನ ಹಾಳೆಗಳು ನನ್ನ ಮಗನವು. 1987ರಲ್ಲಿ ಪುಸ್ತಕವನ್ನು ತಲೆಕೆಳಗು ಮಾಡಿ ಹಿಂಬದಿಯಿಂದ ಬರೆಯತೊಡಗಿದೆ: ಬಸ್ಸಿಗೆ ಇಷ್ಟು, ಔಷಧಿಗೆ ಇಷ್ಟು, ಯಾರಿಂದ ಕೈಸಾಲ ಎಷ್ಟು. ಹೊಸ ನೋಟ್‌ಬುಕ್ ಕೊಳ್ಳಬೇಕಾದಷ್ಟು ದಿನ ಈ ಲೆಕ್ಕ ನಡೆಯುತ್ತದೆ ಅಂತ ಆಗ ಅನ್ನಿಸಿರಲಿಲ್ಲ. ನಡೆಯುತ್ತಲೇ ಇದೆ. ಕೂರಲಾರದ, ನಿಲ್ಲಲಾರದ ಮಕ್ಕಳನ್ನು ನಮ್ಮ ಗಡಿ ಸೀಮೆಯ ಮನೆಗಳು ಯಾವ ಯಾವ ದುಡ್ಡಿನಲ್ಲಿ ಸಾಕಿದವು ಅನ್ನುವ ಚರಿತ್ರೆಯನ್ನು ಯಾರೂ ಬರೆದಿಲ್ಲ. ನನ್ನ ಹತ್ತಿರ ಇರುವುದು ಈ ಹಾಳೆಗಳು. ಅವನ್ನೇ ಓದಿಸುತ್ತೇನೆ.

*

ನಾನು ಹುಟ್ಟಿದ್ದು ರಾಯದುರ್ಗದಲ್ಲಿ, ಸೇರಿದ್ದು ಮಡಕಶಿರಾ ಸೀಮೆಯ ಅಮರಾಪುರದ ಕಡೆಯ ಒಂದು ಹಳ್ಳಿ. ತವರಿನಲ್ಲಿ ‘ಶೇಂಗಾ’ ಅನ್ನುವುದನ್ನು ಇಲ್ಲಿ ‘ಕಡ್ಲೆಕಾಯಿ’ ಅನ್ನುತ್ತಾರೆ. ಮಿಕ್ಕಂತೆ ಎರಡೂ ಕಡೆ ಮನೆ ಮಾತು ಕನ್ನಡ, ಕಚೇರಿ ಮಾತು ತೆಲುಗು. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದ ನೆಲ ಇದು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಸೀಳಿ ಅನಂತಪುರ ಜಿಲ್ಲೆ ಮಾಡಿದಾಗಲೂ ರಾಯದುರ್ಗ ಬಳ್ಳಾರಿಯಲ್ಲೇ ಉಳಿದಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕು ಆಂಧ್ರಕ್ಕೆ ಹೋದವು, ಬಳ್ಳಾರಿಯೂ ಉಳಿದ ತಾಲ್ಲೂಕುಗಳೂ ಮೈಸೂರಿಗೆ. ನಮ್ಮಪ್ಪ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಅವನಿಗೆ ಆ ವಿಭಜನೆ ಅರ್ಥವಾಗಿದ್ದು ಒಂದೇ ಬಗೆಯಲ್ಲಿ: ‘ಕಚೇರಿ ಅನಂತಪುರಕ್ಕೆ ಹೋತು, ದವಾಖಾನಿ ಬಳ್ಳಾರಿಯಾಗೇ ಉಳೀತು.’ ಬಳ್ಳಾರಿಯಲ್ಲಿ 1961ರಲ್ಲಿ ಮೆಡಿಕಲ್ ಕಾಲೇಜೂ ಆಯಿತು. ರಾಯದುರ್ಗದಿಂದ ಬಳ್ಳಾರಿ ಐವತ್ತು ಕಿಲೋಮೀಟರ್ ಆಸುಪಾಸು, ಅನಂತಪುರ ಅದರ ಎರಡರಷ್ಟು.

ಮಡಕಶಿರಾದ್ದೂ ಅದೇ ಕಥೆ. ನಕ್ಷೆ ನೋಡಿದರೆ ಮೂರು ದಿಕ್ಕಿಗೂ ಕರ್ನಾಟಕ: ಪಾವಗಡ, ಮಧುಗಿರಿ, ಶಿರಾ, ಹಿರಿಯೂರು. ಮಗುವಿಗೆ ಜ್ವರ ಬಂದರೆ ಬಸ್ಸು ಹತ್ತುವುದು ಶಿರಾಕ್ಕೆ. ಆ ಮಗುವಿಗೆ ಸರ್ಟಿಫಿಕೇಟ್ ಬೇಕೆಂದರೆ ಹಿಂದೂಪುರಕ್ಕೋ ಅನಂತಪುರಕ್ಕೋ. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿ ಜಿಲ್ಲಾ ಕೇಂದ್ರ ಪುಟ್ಟಪರ್ತಿಯಾಯಿತು. ರಾಯದುರ್ಗ ಅನಂತಪುರದಲ್ಲೇ ಇದೆ. ಈಗ ನನ್ನ ತವರು ಒಂದು ಜಿಲ್ಲೆ, ಗಂಡನ ಮನೆ ಇನ್ನೊಂದು, ಮಗನ ಡಾಕ್ಟರು ಬೇರೆ ರಾಜ್ಯ.

*

ಮದುವೆಯಾಗಿ ಐದು ವರ್ಷಕ್ಕೆ, 1986ರಲ್ಲಿ, ಮಗ ಹುಟ್ಟಿದ. ಚೊಚ್ಚಲ ಬಾಣಂತನ ತವರಿನಲ್ಲೇ. ಎರಡು ರಾತ್ರಿ ನೋವು ತಿಂದೆ. ಹುಟ್ಟಿದ ಕೂಸು ಅಳಲಿಲ್ಲ. ಸೂಲಗಿತ್ತಿ ಬೆನ್ನಿಗೆ ತಟ್ಟಿದಳು, ತಣ್ಣೀರು ಚಿಮುಕಿಸಿದಳು, ತಟ್ಟೆ ಬಡಿದಳು. ಎಷ್ಟು ಹೊತ್ತಾಯಿತೋ, ಬೆಕ್ಕಿನ ಮರಿಯ ಹಾಗೆ ಒಂದು ದನಿ ಬಂತು. ಆರು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ಎತ್ತಿಕೊಂಡರೆ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿಯುತ್ತಿದ್ದವು, ಮುಷ್ಟಿ ಬಿಚ್ಚುತ್ತಿರಲಿಲ್ಲ.

ಹಿಂದಿನ ಹಾಳೆಯ ಮೊದಲ ಸಾಲು: ‘ಮುಡುಪು 1–25’. ಅಮ್ಮ ಒಂದೂಕಾಲು ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ ರಾಯದುರ್ಗದ ದಶಭುಜ ಗಣಪತಿಯ ಹೆಸರಲ್ಲಿ ದೇವರ ಗೂಡಿನ ಮೊಳೆಗೆ ನೇತುಹಾಕಿದಳು. ಅತ್ತೆಯದು ಹೇಮಾವತಿಯ ಸಿದ್ದೇಶ್ವರ. ಹೇಮಾವತಿ ಅಂದರೆ ಹೆಂಜೇರು, ನೊಳಂಬ ಪಲ್ಲವರ ರಾಜಧಾನಿ, ನಮ್ಮ ಮಂಡಲದಲ್ಲೇ ಇದೆ. ಅಲ್ಲಿಯ ಸಿದ್ದೇಶ್ವರ ಲಿಂಗವಲ್ಲ, ಮನುಷ್ಯರ ಹಾಗೆ ಕೂತ ಮೂರ್ತಿ. ‘ಕೂತಿರೋ ದೇವ್ರು, ನನ್ ಮೊಮ್ಮಗನ್ನೂ ಕೂರುಸ್ತಾನೆ’ ಅಂತ ಅತ್ತೆಯ ಲೆಕ್ಕ.

ನಮ್ಮ ಹಿರಿಯರಿಗೆ ಗೊತ್ತಿದ್ದ ಆಸ್ಪತ್ರೆ ನಿಧಿ ಮುಡುಪೊಂದೇ. ಅದರ ಕಟ್ಟುಪಾಡು ಗಮನಿಸಿ. ಎಷ್ಟೇ ಕಷ್ಟ ಬಂದರೂ ಆ ಗಂಟಿಗೆ ಕೈ ಹಾಕುವಂತಿಲ್ಲ. ಕಾಯಿಲೆ ವಾಸಿಯಾದ ದಿನ ಇಳಿಸಿ ದೇವರಿಗೆ ಒಪ್ಪಿಸಬೇಕು. ಜ್ವರಕ್ಕೆ, ಸಿಡುಬಿಗೆ, ಹೆರಿಗೆಗೆ ಇದು ಸರಿ ಹೋಗುತ್ತದೆ. ಅವುಗಳಿಗೆ ಒಂದು ಕೊನೆ ಇದೆ. ವಾಸಿಯಾಗದ ಮಗುವಿನ ಮುಡುಪು ಮೊಳೆಯಲ್ಲೇ ಉಳಿಯುತ್ತದೆ. ಅಮ್ಮ ತೀರಿಕೊಂಡಳು, ಮನೆಗೆ ಸಿಮೆಂಟ್ ಬಂತು, ಗಂಟು ಹೊಸ ಮೊಳೆಗೆ ವರ್ಗವಾಯಿತು.

ಆಗ ಈ ಕಾಯಿಲೆಗೆ ನಮ್ಮಲ್ಲಿ ಹೆಸರೇ ಇರಲಿಲ್ಲ. ಮೈ ಬಿಗಿದರೆ ಬಾಲಗ್ರಹ, ಇಲ್ಲದಿದ್ದರೆ ದೃಷ್ಟಿ, ಸೂಜಿ ಚುಚ್ಚುವವನ ಹತ್ತಿರ ಹೋದರೆ ಪೋಲಿಯೋ. ನಡೆಯದ ಮಕ್ಕಳೆಲ್ಲ ಪೋಲಿಯೋ ಮಕ್ಕಳೇ. ಪೋಲಿಯೋದಲ್ಲಿ ಕಾಲು ಸೊರಗಿ ಜೋಲುತ್ತದೆ, ನನ್ನ ಮಗನದು ಬಿಗಿಯುತ್ತದೆ. ಅಷ್ಟು ವ್ಯತ್ಯಾಸ ಕಣ್ಣಿಗೆ ಕಾಣುತ್ತಿದ್ದರೂ ಹೇಳುವವರಿರಲಿಲ್ಲ. ಮುಂದೆ ನಾನು ಅಂಗನವಾಡಿ ಕೆಲಸಕ್ಕೆ ಸೇರಿ, 1995ರಿಂದ ಪಲ್ಸ್ ಪೋಲಿಯೋ ಹನಿ ಹಾಕುತ್ತ ತಿರುಗಿದಾಗ ಎಷ್ಟೋ ತಾಯಂದಿರು ‘ಈ ಹನಿ ಹಾಕಿದ್ರೆ ನಿನ್ ಮಗ ನಡೀತಿದ್ನಾ?’ ಅಂತ ಕೇಳಿದರು. ಇಲ್ಲ. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿ 13ರದು. 2014ರಲ್ಲಿ ದೇಶ ಪೋಲಿಯೋಮುಕ್ತ ಅಂತ ಸಾರಿದರು. ಆಮೇಲೂ ಕೂರದ, ನಿಲ್ಲದ ಮಕ್ಕಳು ಹುಟ್ಟುತ್ತಲೇ ಇದ್ದಾಗ ಜನಕ್ಕೆ ಇದು ಬೇರೆ ಅಂತ ಹೊಳೆಯಿತು.

ಇನ್ನೊಂದು ಸಾಲು: ‘ಮರಳು ಒಂದು ಗಾಡಿ’. ಅಂಗಳದಲ್ಲಿ ಗುಂಡಿ ತೋಡಿ, ಮಗುವನ್ನು ಸೊಂಟದವರೆಗೆ ಮರಳಲ್ಲಿ ನಿಲ್ಲಿಸಿದರೆ ಕಾಲಿಗೆ ಬಲ ಬರುತ್ತದೆ ಅಂತ ಯಾರೋ ಹೇಳಿದ್ದರು. ಬೇಸಿಗೆ ತುಂಬ ನಿಲ್ಲಿಸಿದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಇಂಥ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತ ಸುದ್ದಿ ಟಿ.ವಿ.ಯಲ್ಲಿ ಬಂತು. ನಮ್ಮ ಮನೆಯ ಹುಡುಗರು ಆ ತಾಯಂದಿರನ್ನು ಬೈದರು. ನಾನು ಎದ್ದು ಅಡಿಗೆ ಮನೆಗೆ ಹೋದೆ.

*

1989ರ ಹಾಳೆಯಲ್ಲಿ ಬೆಂಗಳೂರು ಬರುತ್ತದೆ. ಶಿರಾ ಬಸ್ಸು, ತುಮಕೂರು ಬಸ್ಸು, ಮೆಜೆಸ್ಟಿಕ್ಕು, ಅಲ್ಲಿಂದ ಆಟೋ. ಡಾಕ್ಟರು ಮಗುವಿನ ಮಂಡಿ ಬಗ್ಗಿಸಿ ನೋಡಿ, ಚೀಟಿಯಲ್ಲಿ ಎರಡೇ ಅಕ್ಷರ ಬರೆದರು: ಸಿ.ಪಿ. ಊರಿಗೆ ಬಂದು ಹೇಳಿದಾಗ ನಮ್ಮ ಮಾವ ಎಲೆಯಡಿಕೆ ಉಗಿದು ಕೇಳಿದರು: ‘ಸಿಪಿಐ ಗೊತ್ತು, ಸಿಪಿಎಂ ಗೊತ್ತು. ಇದ್ಯಾವ್ದಮ್ಮ ಸಿಪಿ?’ ಕಮ್ಯುನಿಸ್ಟರ ಬಾವುಟ ಕಂಡು ಬೆಳೆದ ಅನಂತಪುರ ಜಿಲ್ಲೆಯ ಮನುಷ್ಯ ಕೇಳಬೇಕಾದ ಪ್ರಶ್ನೆಯೇ. ಮೂರು ವರ್ಷದಲ್ಲಿ ಮನೆಯವರೆಲ್ಲ ಒಟ್ಟಿಗೆ ನಕ್ಕದ್ದು ಅವತ್ತು.

ಸೆರೆಬ್ರಲ್ ಪಾಲ್ಸಿ. ಕನ್ನಡದಲ್ಲಿ ಮೆದುಳಿನ ಪಾರ್ಶ್ವವಾಯು ಅಂತ ಬರೆಯುತ್ತಾರೆ, ಆಡುವಾಗ ಎಲ್ಲರೂ ‘ಸಿಪಿ ಮಗು’ ಅಂತಲೇ ಅನ್ನುವುದು. ಬೆಳೆಯುತ್ತಿರುವ ಮೆದುಳಿಗೆ ಹೊಟ್ಟೆಯಲ್ಲಿದ್ದಾಗಲೋ, ಹುಟ್ಟುವಾಗಲೋ, ಹುಟ್ಟಿದ ಹೊಸತರಲ್ಲೋ ಪೆಟ್ಟು ಬೀಳುತ್ತದೆ. ಆ ಪೆಟ್ಟು ಹೆಚ್ಚುವುದಿಲ್ಲ, ಹೋಗುವುದೂ ಇಲ್ಲ. ಆದರೆ ಮೈ ಬೆಳೆಯುತ್ತ ಹೋದಂತೆ ಬಿಗಿದ ಸ್ನಾಯು ಮೂಳೆಯನ್ನು ಎಳೆಯುತ್ತದೆ. ದಿನಾ ಹಿಗ್ಗಿಸದಿದ್ದರೆ, ಸರಿಯಾಗಿ ಕೂರಿಸದಿದ್ದರೆ, ಮಂಡಿ ಮಡಚಿಕೊಳ್ಳುತ್ತದೆ, ಸೊಂಟದ ಕೀಲು ಜಾರುತ್ತದೆ. ಔಷಧಿಗಿಂತ ಅಭ್ಯಾಸ ದೊಡ್ಡದು.

ಇದನ್ನು ಮೊದಲು ವಿವರವಾಗಿ ಬರೆದವನು ಲಂಡನ್ನಿನ ವಿಲಿಯಂ ಜಾನ್ ಲಿಟಲ್ ಅನ್ನುವ ವೈದ್ಯ. ಚಿಕ್ಕಂದಿನಲ್ಲಿ ಅವನ ಕಾಲೂ ಸೊಟ್ಟಗಾಗಿತ್ತಂತೆ. ಕಷ್ಟದ ಹೆರಿಗೆ, ದಿನ ತುಂಬದ ಹೆರಿಗೆ, ಹುಟ್ಟಿದಾಗ ಉಸಿರು ಕಟ್ಟುವುದು, ಇವಕ್ಕೂ ಮಕ್ಕಳ ಮೈ ಬಿಗಿತಕ್ಕೂ ಸಂಬಂಧವಿದೆ ಅಂತ 1861ರಲ್ಲಿ ಅಲ್ಲಿಯ ಪ್ರಸೂತಿ ವೈದ್ಯರ ಸಭೆಯಲ್ಲಿ ಹೇಳಿದ. ಬಹಳ ವರ್ಷ ಇದನ್ನು ‘ಲಿಟಲ್‌ನ ಕಾಯಿಲೆ’ ಅಂತಲೇ ಕರೆದರು. ಕನಸುಗಳ ಬಗ್ಗೆ ಬರೆದು ಹೆಸರಾದ ಸಿಗ್ಮಂಡ್ ಫ್ರಾಯ್ಡ್ 1897ರಲ್ಲಿ ಬೇರೆ ಮಾತು ಹೇಳಿದ: ಹೆರಿಗೆ ಕಷ್ಟವಾದದ್ದರಿಂದಲೇ ಪೆಟ್ಟಾಯಿತು ಅನ್ನಬೇಡಿ, ಗರ್ಭದಲ್ಲೇ ಏನೋ ಏರುಪೇರಾಗಿದ್ದರಿಂದ ಹೆರಿಗೆ ಕಷ್ಟವಾಗಿರಬಹುದು. ಇವತ್ತಿನ ವೈದ್ಯರು ಎರಡನ್ನೂ ಒಪ್ಪುತ್ತಾರೆ; ಕೆಲವು ಮಕ್ಕಳದು ಹಾಗೆ, ಕೆಲವು ಮಕ್ಕಳದು ಹೀಗೆ. ಫ್ರಾಯ್ಡನ ಮಾತು ನನ್ನ ಕಿವಿಗೆ ಬೀಳುವ ಹೊತ್ತಿಗೆ ನಮ್ಮ ಸೂಲಗಿತ್ತಿ ಸತ್ತು ಹತ್ತು ವರ್ಷವಾಗಿತ್ತು. ಅಷ್ಟು ದಿನವೂ ಅವಳ ಮನೆ ಮುಂದೆ ಹಾಯಬೇಕಾದಾಗ ನಾನು ಮುಖ ತಿರುಗಿಸುತ್ತಿದ್ದೆ.

ನಮ್ಮ ದೇಶದಲ್ಲಿ ಈ ಮಕ್ಕಳಿಗೆ ಕಲಿಸಬಹುದು ಅಂತ ತೋರಿಸಿದ್ದೂ ಒಬ್ಬ ತಾಯಿಯೇ. ಮಗಳು ಮಾಲಿನಿ ಚಿಬ್‌ಗೆ ಸಿಪಿ ಇತ್ತು ಅಂತ ಮಿಥು ಆಲೂರ್ 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದರು. ಆ ಮಗಳು ಒಂದು ಬೆರಳಿನಿಂದ ಟೈಪ್ ಮಾಡಿ ತನ್ನ ಕಥೆಯನ್ನೇ ಪುಸ್ತಕ ಮಾಡಿದಳು. ಬೆಂಗಳೂರಿನಲ್ಲಿ 1959ರಷ್ಟು ಹಿಂದೆಯೇ, ಸ್ವತಃ ಗಾಲಿಕುರ್ಚಿಯಲ್ಲಿದ್ದ ಎನ್.ಎಸ್. ಹೇಮಾ ಅಂಗವಿಕಲರ ಸಂಸ್ಥೆ ಎ.ಪಿ.ಡಿ. ಆರಂಭಿಸಿದ್ದರು. 1980ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಬಂತು, ಇಂದಿರಾನಗರದಲ್ಲಿ. ನಾನು ಮಗನನ್ನು ಸೊಂಟದ ಮೇಲೆ ಹೊತ್ತು ಅಲ್ಲಿಗೆ ಹೋದೆ. ಮದ್ದು ಬರೆದುಕೊಡುತ್ತಾರೆ ಅಂದುಕೊಂಡಿದ್ದೆ. ಅವರು ಒಂದು ಕುರ್ಚಿಯ ಚಿತ್ರ ಬರೆದುಕೊಟ್ಟರು.

ಮೂಲೆ ಕುರ್ಚಿ. ಬೆನ್ನಿಗೆ ಎರಡು ಹಲಗೆ, ಗೋಡೆಯ ಮೂಲೆಯ ಹಾಗೆ ಕೂಡಿರಬೇಕು. ಭುಜ ಹಿಂದಕ್ಕೆ ಎಳೆಯದಂತೆ ಅದು ತಡೆಯುತ್ತದೆ. ತೊಡೆಗಳ ನಡುವೆ ಒಂದು ದಿಂಡು, ಕಾಲು ಕತ್ತರಿಯಾಗದ ಹಾಗೆ. ಮುಂದೆ ಹಲಗೆ, ಕೈ ಇಡಲು. ನಮ್ಮೂರಿನ ಆಚಾರಿ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೇವಿನ ಹಲಗೆಯಲ್ಲಿ ಎರಡು ದಿನಕ್ಕೆ ಮಾಡಿಕೊಟ್ಟ. ಹಾಳೆಯಲ್ಲಿ ದುಡ್ಡಿನ ಜಾಗದಲ್ಲಿ ‘ರಾಗಿ ಹತ್ತು ಸೇರು’ ಅಂತಿದೆ. ಆ ಕುರ್ಚಿಯಲ್ಲಿ ಕೂತ ದಿನ ನನ್ನ ಮಗ ಮೊದಲ ಸಲ ಬೀದಿಯನ್ನು ನೇರವಾಗಿ ನೋಡಿದ. ಅಲ್ಲಿವರೆಗೂ ಅವನು ಕಂಡದ್ದು ಸೂರು ಮತ್ತು ನಮ್ಮ ಗಲ್ಲ. ಅತ್ತೆ ಮಾತ್ರ ಅದನ್ನು ಸಿದ್ದೇಶ್ವರನ ಲೆಕ್ಕಕ್ಕೇ ಬರೆದುಕೊಂಡರು.

*

ಈಗ ದುಡ್ಡಿನ ಮಾತು.

ಕಡ್ಲೆಕಾಯಿ ವರ್ಷಕ್ಕೊಂದು ಬೆಳೆ, ಅದೂ ಮಳೆ ಬಂದರೆ. ಅನಂತಪುರದ ಮಳೆ ದೇಶಕ್ಕೇ ಗೊತ್ತು. ಆ ದುಡ್ಡು ಬೀಜ ಕೊಟ್ಟ ಸಾಹುಕಾರನಿಗೇ ಹೋಗುತ್ತಿತ್ತು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಮಗನನ್ನು ಸಾಕಿದ್ದು ರೇಷ್ಮೆ. ಮುಕ್ಕಾಲು ಎಕರೆ ಹಿಪ್ಪುನೇರಳೆ ಇತ್ತು. ಹುಳ ಇಪ್ಪತ್ತೈದು, ಇಪ್ಪತ್ತೆಂಟು ದಿನಕ್ಕೆ ಹಣ್ಣಾಗಿ ಚಂದ್ರಿಕೆ ಏರುತ್ತದೆ, ಗೂಡು ಹಿಂದೂಪುರದ ಮಾರುಕಟ್ಟೆಗೆ ಹೋಗುತ್ತದೆ. ಗೂಡಿನ ದುಡ್ಡು ಹೆಚ್ಚಲ್ಲ, ಆದರೆ ಬೆಳೆ ಬೆಳೆಗೂ ಬರುವ ದುಡ್ಡು.

ರೇಷ್ಮೆ ಹುಳಕ್ಕೆ ನಾಲ್ಕು ಜ್ವರ. ನಿಜವಾದ ಜ್ವರವಲ್ಲ, ಪೊರೆ ಬಿಡುವ ಹೊತ್ತಿಗೆ ನಾವು ಇಟ್ಟ ಹೆಸರು. ಆಗ ಹುಳ ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ, ಸೊಪ್ಪು ಹಾಕುವಂತಿಲ್ಲ. ಮಿಕ್ಕ ದಿನ ಹಗಲೂ ರಾತ್ರಿಯೂ ಸೊಪ್ಪು ಹಾಕುತ್ತಿರಬೇಕಾದ ಮನೆಗೆ ಆ ಒಂದು ದಿನ ಬಿಡುವು. ಮಗನನ್ನು ಬೆಂಗಳೂರಿಗೆ ಕರೆದೊಯ್ಯುತ್ತಿದ್ದದ್ದು ಹುಳದ ಜ್ವರದ ದಿನ. ‘ಮೂರನೇ ಜ್ವರಕ್ಕೆ ಬರ್ತೀನಿ ಮೇಡಂ’ ಅಂತ ಒಂದು ಸಲ ಥೆರಪಿ ಮೇಡಂಗೆ ಹೇಳಿಬಿಟ್ಟೆ. ಅವರು ಗಾಬರಿಯಾಗಿ ಮಗುವಿನ ಹಣೆ ಮುಟ್ಟಿ ನೋಡಿದರು.

1991ರಲ್ಲಿ ಅಂಗನವಾಡಿ ಕೆಲಸ ಸಿಕ್ಕಿತು. ಗೌರವಧನ ಅನ್ನುತ್ತಿದ್ದರು, ಅದು ತಿಂಗಳು ತಿಂಗಳು ಬರುತ್ತಲೂ ಇರಲಿಲ್ಲ. ಆಂಧ್ರದಲ್ಲಿ ಸಾರಾಯಿ ವಿರುದ್ಧ ನೆಲ್ಲೂರಿನ ದೂಬಗುಂಟದ ಹೆಂಗಸರು ಎದ್ದ ಮೇಲೆ, 1993ರಲ್ಲಿ ಸಾರಾಯಿ ನಿಂತಿತು. ಕುಡಿತಕ್ಕೆ ಹೋಗುತ್ತಿದ್ದ ದುಡ್ಡಿನಲ್ಲಿ ದಿನಕ್ಕೊಂದು ರೂಪಾಯಿ ಕೂಡಿಡುವ ‘ಪೊದುಪು’ ಸಂಘಗಳು ಹುಟ್ಟಿದವು. ‘ಡ್ವಾಕ್ರಾ’ ಅನ್ನುವ ಇಂಥ ಹೆಂಗಸರ ಸಂಘ ನಮ್ಮೂರಿಗೂ ಬಂತು. ಮಗನ ಕಾಲಿನ ಪಟ್ಟಿ, ಬೂಟು, ಫಿಟ್ಸ್ ಮಾತ್ರೆ ಎಲ್ಲ ಆ ಸಂಘದ ಸಾಲದಲ್ಲೇ. ಸಾಲದ ಅರ್ಜಿಯಲ್ಲಿ ‘ಕುರಿ ಸಾಕಣೆ’ ಅಂತ ಬರೆಸುತ್ತಿದ್ದೆವು. ಮಗನನ್ನು ಸಾಕಲು ಅಂತ ಬರೆದರೆ ಬ್ಯಾಂಕು ಕೊಡುತ್ತಿರಲಿಲ್ಲ.

1997ರ ಹಾಳೆ ಎಲ್ಲಕ್ಕಿಂತ ದಟ್ಟವಾಗಿದೆ. ಮಗನಿಗೆ ಹನ್ನೊಂದು ವರ್ಷ. ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಬಿಗಿದ ಸ್ನಾಯು ಸಡಿಲಿಸುವ ಆಪರೇಷನ್ ಮಾಡಬೇಕು ಅಂದರು. ಸುದ್ದಿ ತಿಳಿದು ಊರು ಮದುವೆಗೆ ಬಂದ ಹಾಗೆ ಬಂತು. ನಾನು ಯಾರ ಮದುವೆಗೆ ಏನು ಓದಿಸಿದ್ದೆನೋ ಅವರೆಲ್ಲ ತಿರುಗಿಸಿದರು. ತವರಿನಿಂದ ನೇಕಾರರ ಬೀದಿಯವರು, ಇಲ್ಲಿಂದ ಹಿಪ್ಪುನೇರಳೆ ತೋಟದವರು. ಐವತ್ತು, ನೂರು, ಒಬ್ಬರು ಒಂದು ಮೂಟೆ ಹುಣಸೆಹಣ್ಣು. ಆಪರೇಷನ್ ಆಯಿತು, ಪ್ಲಾಸ್ಟರ್ ಬಿಚ್ಚಿದರು, ಪಾದ ನೆಲಕ್ಕೆ ಪೂರ್ತಿ ಊರಿತು. ಡಾಕ್ಟರು ಹೇಳಿದರು: ‘ಇನ್ನು ದಿನಾ ವ್ಯಾಯಾಮ, ವಾರಕ್ಕೆರಡು ಸಲ ಥೆರಪಿ, ಕಡಿಮೆ ಅಂ‌ದರೆ ಒಂದು ವರ್ಷ.’

ಆ ಒಂದು ವರ್ಷಕ್ಕೆ ಮುಯ್ಯಿ ಬರಲಿಲ್ಲ. ಯಾರದೂ ತಪ್ಪಲ್ಲ. ಮುಯ್ಯಿಗೆ ಒಂದು ದಿನ ಬೇಕು, ಚಪ್ಪರ ಬೇಕು, ಓದಿಸುವ ಗಳಿಗೆ ಬೇಕು. ಪ್ರತಿ ಮಂಗಳವಾರ, ಶುಕ್ರವಾರ ಬಸ್ಸಿಗೆ ಹೋಗುವುದನ್ನು ಯಾರು ಓದಿಸುತ್ತಾರೆ? ಅದೇ ವರ್ಷ ಬರ ಬಿತ್ತು, ಹುಳಕ್ಕೆ ಸೊಪ್ಪು ಸಾಲಲಿಲ್ಲ, ನಾನು ಬಸ್ಸು ತಪ್ಪಿಸಿದೆ. ಎರಡು ವರ್ಷಕ್ಕೆ ಹಿಮ್ಮಡಿ ಮತ್ತೆ ಎದ್ದು ನಿಂತಿತು. ಆಪರೇಷನ್ ದುಡ್ಡು ಊರಿನದು, ಅದನ್ನು ಕಳೆದವಳು ನಾನು ಅಂತ ಬಹಳ ದಿನ ಕೊರಗಿದೆ. ಈಗ ಹಾಗೆ ಅನ್ನಿಸುವುದಿಲ್ಲ. ನಮ್ಮಲ್ಲಿದ್ದ ಕೊಡುವ ಪದ್ಧತಿಗಳೆಲ್ಲ ‘ಒಂದು ಸಲ’ದವು. ಈ ಮಗು ‘ದಿನಾ’ದ್ದು.

*

ಸರ್ಕಾರವೂ ಮುಯ್ಯಿಯ ಹಾಗೇ ಕೊಡುತ್ತ ಬಂತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಸಿಪಿಗೆ ಬೇರೆ ಸಾಲೇ ಇರಲಿಲ್ಲ. ಮೂಳೆ, ಕೀಲು, ಸ್ನಾಯುವಿನ ದೋಷದ ವ್ಯಾಖ್ಯೆಯ ಬಾಲಕ್ಕೆ ಸೇರಿಸಿದ್ದರು. 1999ರಲ್ಲಿ ಆಟಿಸಂ, ಸಿಪಿ, ಬುದ್ಧಿಮಾಂದ್ಯ, ಬಹುವೈಕಲ್ಯದವರಿಗೆ ಅಂತಲೇ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. 2007ರಲ್ಲಿ ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರ ಆರೋಗ್ಯಶ್ರೀ ವಿಮೆ ಬಂದಾಗ ಬಿಳಿ ರೇಷನ್ ಕಾರ್ಡಿನ ಬಡ ಮನೆಗಳು ಮೊದಲ ಸಲ ದೊಡ್ಡ ಆಸ್ಪತ್ರೆಯ ಮೆಟ್ಟಿಲನ್ನು ತಲೆ ಎತ್ತಿ ಹತ್ತಿದವು. ಹೃದಯಕ್ಕೆ, ಕಿಡ್ನಿಗೆ, ಸುಟ್ಟ ಗಾಯಕ್ಕೆ ಅದು ಜೀವ ಉಳಿಸಿತು, ಸುಳ್ಳು ಹೇಳಬಾರದು. ಆದರೆ ಅದರ ಪಟ್ಟಿ ಮುಖ್ಯವಾಗಿ ಆಪರೇಷನ್‌ಗಳದು, ಆಸ್ಪತ್ರೆಗೆ ಸೇರಿ ಬಿಡುಗಡೆಯಾಗುವವರದು. ಮೇಲಾಗಿ ನಮಗೆ ಹತ್ತಿರದ ಆಸ್ಪತ್ರೆಗಳು ಕರ್ನಾಟಕದವು, ಕಾರ್ಡು ಆಂಧ್ರದ್ದು. ಬೆಂಗಳೂರಿನ ಕೆಲವು ಆಸ್ಪತ್ರೆಗಳನ್ನು ಆಂಧ್ರದ ಆರೋಗ್ಯಶ್ರೀಗೆ ಸೇರಿಸಿದ್ದು 2019ರ ಕೊನೆಗೆ.

ಥೆರಪಿಗೂ ದುಡ್ಡು ಕೊಡುವ ಒಂದು ವಿಮೆ ಇದೆ, ನ್ಯಾಷನಲ್ ಟ್ರಸ್ಟಿನ ‘ನಿರಾಮಯ’, ಒಂದು ಲಕ್ಷ ರೂಪಾಯಿವರೆಗೆ. ಹೊರರೋಗಿಯಾಗಿ ಹೋದರೂ ಸಲ್ಲುತ್ತದೆ. ಅದು ನನಗೆ ಗೊತ್ತಾಗಿದ್ದು ಮಗನಿಗೆ ಮೀಸೆ ಬಂದ ಮೇಲೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಎಲ್ಲ ಯೋಜನೆಯ ಪೋಸ್ಟರ್ ಅಂಟಿಸಿದವಳು ನಾನು. ಅದರ ಪೋಸ್ಟರ್ ನನ್ನ ಕೈಗೆ ಬಂದಿರಲಿಲ್ಲ.

ಆಮೇಲೆ ‘ಸದರಂ’. ಆಂಧ್ರದಲ್ಲಿ ಅಂಗವೈಕಲ್ಯವನ್ನು ಶೇಕಡಾ ಲೆಕ್ಕದಲ್ಲಿ ಅಳೆದು ಕಂಪ್ಯೂಟರ್ ಸರ್ಟಿಫಿಕೇಟ್ ಕೊಡುವ ಶಿಬಿರ. ಮಕ್ಕಳನ್ನು ಹೊತ್ತ ತಾಯಂದಿರು ಬೆಳಗಿನ ಬಸ್ಸಿಗೆ ಹೋಗಿ ಸಾಲು ಕೂರುತ್ತಿದ್ದೆವು. ಪ್ರಶ್ನೆ ತೆಲುಗಿನಲ್ಲಿ. ಒಂದು ಸಲ ಮಗನನ್ನು ‘ನೀ ಪೇರೇಂಟಿ?’, ಅಂದರೆ ನಿನ್ನ ಹೆಸರೇನು, ಅಂತ ಕೇಳಿದರು. ಅವನಿಗೆ ಮಾತು ಹೊರಡುವುದಿಲ್ಲ, ಆದರೆ ಕನ್ನಡದಲ್ಲಿ ಕೇಳಿದರೆ ಕಣ್ಣು ನನ್ನ ಕಡೆ ತಿರುಗುತ್ತದೆ. ತಿರುಗಲಿಲ್ಲ. ‘ಬುದ್ಧಿ ಇಲ್ಲ’ ಅಂತ ಬರೆಯುವುದರಲ್ಲಿದ್ದರು. ನಾನು ಕನ್ನಡದಲ್ಲಿ ಕೇಳಿ ತೋರಿಸಿದೆ. 1953ರಲ್ಲಿ ಎಳೆದ ಗೆರೆ ಒಂದು ಮಗುವಿನ ಬುದ್ಧಿಯ ಶೇಕಡಾವರೆಗೂ ಬರುತ್ತದೆ ಅಂತ ಅದನ್ನು ಎಳೆದವರು ಯೋಚಿಸಿರಲಾರರು.

ತಿಂಗಳು ತಿಂಗಳು ಬಂದದ್ದು ಪಿಂಚಣಿ. 2014ರ ಅಕ್ಟೋಬರ್‌ನಿಂದ 1,000, ಶೇಕಡಾ 80ಕ್ಕೆ ಮೇಲ್ಪಟ್ಟವರಿಗೆ 1,500. 2019ರ ಹೊತ್ತಿಗೆ 3,000. 2024ರ ಜುಲೈ 1ರಿಂದ 6,000, ಹಾಸಿಗೆ ಗಾಲಿಕುರ್ಚಿ ಬಿಡಲಾಗದ ಪೂರ್ಣ ಅಂಗವಿಕಲರಿಗೆ 15,000. ಒಂದನೇ ತಾರೀಖು ಬಾಗಿಲಿಗೇ ತಂದು ಕೊಡುತ್ತಾರೆ. ಈ ಅಂಕಿಗಳನ್ನು ಒಂದರ ಕೆಳಗೊಂದು ಬರೆದಾಗ ನನಗೆ ಹೊಳೆದದ್ದಿಷ್ಟು: ಆರೋಗ್ಯಶ್ರೀಯ ಲಕ್ಷಕ್ಕಿಂತ ಈ ಸಾವಿರಗಳೇ ನನ್ನ ಮಗನ ಮೈಗೆ ಹತ್ತಿದವು. ರೇಷ್ಮೆ ಗೂಡಿನ ದುಡ್ಡಿನ ಹಾಗೆ.

*

ಈಗ ರಾಯದುರ್ಗಕ್ಕೆ ಹೋಗೋಣ. ನನ್ನ ತಮ್ಮನ ಮೊಮ್ಮಗಳು 2019ರಲ್ಲಿ ಏಳೂವರೆ ತಿಂಗಳಿಗೆ ಹುಟ್ಟಿದಳು. ಇಷ್ಟು ಬೇಗ ಹುಟ್ಟಿದ ಕೂಸುಗಳು ನನ್ನ ಕಾಲದಲ್ಲಿ ಉಳಿಯುತ್ತಿದ್ದದ್ದೇ ಅಪರೂಪ. ಅವಳು ಗಾಜಿನ ಪೆಟ್ಟಿಗೆಯಲ್ಲಿ ಉಳಿದಳು, ಸಿಪಿಯೊಂದಿಗೆ. ಅವಳಮ್ಮ, ನಮ್ಮ ಸೊಸೆ, ಜೀನ್ಸ್ ಹೊಲಿಯುತ್ತಾಳೆ. ನೇಯ್ಗೆಯ ಊರಾಗಿದ್ದ ರಾಯದುರ್ಗ ಈಗ ಹೊಲಿಗೆಯ ಊರು. ಕೂಲಿ ಪೀಸ್ ಲೆಕ್ಕ. ಒಂದು ದಿನ ಮಗುವಿನೊಂದಿಗೆ ಆಸ್ಪತ್ರೆಗೆ ಹೋದರೆ ಆ ದಿನದ ಪೀಸು ಹೋದವು.

ಹೆಸರು ಹುಡುಕುವ ಕಷ್ಟ ಈ ಮಗುವಿಗೆ ಬರಲಿಲ್ಲ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ನಮಗೇ ತರಬೇತಿ ಕೊಟ್ಟಿದ್ದರು: ನಾಲ್ಕು ತಿಂಗಳಿಗೆ ಕತ್ತು ನಿಲ್ಲದಿದ್ದರೆ, ಒಂದೇ ಕೈ ಮುಷ್ಟಿಯಾಗಿದ್ದರೆ ಕಾಯಬೇಡಿ, ಬರೆದು ಕಳಿಸಿ ಅಂತ. ಐದು ತಿಂಗಳಿಗೇ ನಾನು ಗುರುತು ಹಿಡಿದೆ. ಆದರೆ ಹೆಸರು ಗೊತ್ತಾದ ಕೂಡಲೇ ಅದರ ವ್ಯಾಪಾರಿಗಳಿಗೂ ಮಗು ಗೊತ್ತಾಗುತ್ತದೆ. ‘ಸ್ಟೆಮ್ ಸೆಲ್ ಹಾಕಿಸಿದರೆ ನಡೆಯುತ್ತಾಳೆ’ ಅಂತ ಒಂದು ಕ್ಲಿನಿಕ್ಕಿನಿಂದ ಫೋನು ಬಂತು. ತಮ್ಮನ ಮಗ ಆಟೋ ಅಡವಿಟ್ಟು ಒಂದು ಸುತ್ತು ಹಾಕಿಸಿಯೂ ಬಿಟ್ಟ. ಎರಡನೇ ಸುತ್ತಿಗೆ ಫೋನಿನಲ್ಲಿ ದೇಣಿಗೆ ಎತ್ತೋಣ, ಮಗು ಅಳುವ ಫೋಟೊ ಹಾಕಬೇಕಂತೆ, ನಗುವ ಫೋಟೊಕ್ಕೆ ದುಡ್ಡು ಬರುವುದಿಲ್ಲವಂತೆ ಅಂದ.

ನಾನು ಬಸ್ಸು ಹತ್ತಿ ಹೋದೆ. ಐ.ಸಿ.ಎಂ.ಆರ್. 2017ರಲ್ಲೇ ಮಾರ್ಗಸೂಚಿ ಬರೆದಿದೆ: ರಕ್ತದ ಕೆಲವು ಕಾಯಿಲೆ ಬಿಟ್ಟು ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ ಅನ್ನು ಚಿಕಿತ್ಸೆ ಅಂತ ಮಾರುವಂತಿಲ್ಲ, ಪ್ರಯೋಗವಾದರೆ ರೋಗಿಯಿಂದ ದುಡ್ಡು ಪಡೆಯುವಂತಿಲ್ಲ. ಇದನ್ನು ಹೇಳಿದೆ. ಅವನು ತಲೆ ತಗ್ಗಿಸಿ, ‘ಏನಾರ ಮಾಡ್ಬೇಕಲ್ಲತ್ತೆ’ ಅಂದ. ಅದಕ್ಕೆ ನಾನು ಬೈಯಲಿಲ್ಲ. ಒಂದು ಗಾಡಿ ಮರಳು ತರಿಸಿದವಳು ಬೈಯುವುದು ಹೇಗೆ?

ಸೊಸೆಯನ್ನು ಕೇಳಿದೆ: ‘ನಿಂಗೇನ್ ಬೇಕವ್ವ, ನಿಜ ಹೇಳು.’ ಅವಳು ಲಕ್ಷ ಕೇಳಲಿಲ್ಲ. ‘ವಾರದಾಗ ಎರಡು ದಿನ ಯಾರಾದ್ರೂ ಇಕೀನ್ನ ಕರಕೊಂಡು ಹೋಗಿ ಬಂದ್ರೆ ಸಾಕತ್ತೆ. ಉಳಿದಿದ್ದು ನಾ ನೋಡ್ಕೋತೀನಿ.’

ಆಂಧ್ರದಲ್ಲಿ ಮಂಡಲಕ್ಕೊಂದು ‘ಭವಿತ’ ಕೇಂದ್ರ ಇದೆ, ಶಾಲಾ ಇಲಾಖೆಯದು. ವಿಶೇಷ ಶಿಕ್ಷಕರಿರುತ್ತಾರೆ, ಫಿಸಿಯೋಥೆರಪಿಸ್ಟ್ ಬಂದು ಹೋಗುತ್ತಾರೆ. 1969ರಲ್ಲಿ ಅನಂತಪುರಕ್ಕೆ ಬಂದ ವಿನ್ಸೆಂಟ್ ಫೆರರ್ ಕಟ್ಟಿದ ಆರ್.ಡಿ.ಟಿ.ಯ ಆಸ್ಪತ್ರೆ ಪಕ್ಕದ ಕಣೇಕಲ್ಲಿನಲ್ಲೇ ಇದೆ, ದೊಡ್ಡದು ಬತ್ತಲಪಲ್ಲಿಯಲ್ಲಿ. ಹೋಗುವ ಜಾಗ ಇದೆ. ಹೋಗುವ ಆಳು ಇಲ್ಲ.

ಆಗ ನೆನಪಾಯಿತು, ಮುಯ್ಯಿ ಅನ್ನುವ ಮಾತಿಗೆ ನಮ್ಮಲ್ಲಿ ಇನ್ನೊಂದು ಮುಖ ಇದೆ: ಮುಯ್ಯಾಳು. ಇವತ್ತು ನನ್ನ ಹೊಲದ ಕಳೆಗೆ ನೀನು ಬಾ, ನಾಳೆ ನಿನ್ನ ಹೊಲಕ್ಕೆ ನಾನು. ದುಡ್ಡಿಲ್ಲ, ಚಪ್ಪರವಿಲ್ಲ, ಓದಿಸುವುದೂ ಇಲ್ಲ. ಬೆಳೆ ಮುಗಿಯುವವರೆಗೂ ಸರದಿ ನಡೆಯುತ್ತಲೇ ಇರುತ್ತದೆ. ನಮ್ಮ ಹಿರಿಯರಿಗೆ ‘ದಿನಾ’ದ ಕಷ್ಟಕ್ಕೂ ಒಂದು ಪದ್ಧತಿ ಗೊತ್ತಿತ್ತು. ಅದನ್ನು ಹೊಲಕ್ಕೆ ಬಳಸಿದೆವು, ಮಕ್ಕಳಿಗೆ ಬಳಸಲಿಲ್ಲ.

ಸೊಸೆಯ ಹೊಲಿಗೆ ಕೇರಿಯಲ್ಲೇ ಇನ್ನೆರಡು ಮನೆಯಲ್ಲಿ ಇಂಥ ಮಕ್ಕಳಿದ್ದರು. ಒಂದು ಕನ್ನಡದ ಮನೆ, ಒಂದು ಉರ್ದುವಿನದು. ಮೂರು ಮಕ್ಕಳನ್ನೂ ಒಂದೇ ಆಟೋದಲ್ಲಿ ಒಬ್ಬ ತಾಯಿ ಕರೆದೊಯ್ಯುವುದು, ಮಿಕ್ಕ ಇಬ್ಬರು ಅವಳ ಪಾಲಿನ ಪೀಸನ್ನೂ ಹೊಲಿಯುವುದು. ಮುಂದಿನ ಸಲ ಇನ್ನೊಬ್ಬಳು. ಎರಡು ವರ್ಷದಿಂದ ನಡೆಯುತ್ತಿದೆ. ನಡುವೆ ಜಗಳವಾಗಿದೆ, ಒಬ್ಬಳು ತಿಂಗಳುಗಟ್ಟಲೆ ಬರಲಿಲ್ಲ, ಮತ್ತೆ ಸೇರಿದಳು. ಮಗು ಇನ್ನೂ ನಡೆಯುವುದಿಲ್ಲ. ಅಡ್ಡ ಕೋಲು ಹಿಡಿದು ನಿಲ್ಲುತ್ತಾಳೆ, ಹಿಮ್ಮಡಿ ನೆಲದ ಮೇಲಿದೆ.

ಕಳೆದ ಸಲ ಹೋದಾಗ ಮುಯ್ಯಿ ಪುಸ್ತಕ ಒಯ್ದಿದ್ದೆ. ಮುಂದಿನಿಂದ ಬಂದ ಮದುವೆಗೂ ಹಿಂದಿನಿಂದ ಬಂದ ಮಗನಿಗೂ ನಡುವೆ ಎರಡು ಹಾಳೆ ಖಾಲಿ ಉಳಿದಿದ್ದವು. ಸರದಿ ಬರೆದಿಡಲು ಇಟ್ಟುಕೋ ಅಂದೆ. ಸೊಸೆ ನಕ್ಕಳು: ‘ಬ್ಯಾಡತ್ತೆ, ವಾಟ್ಸಾಪ್ ಗ್ರೂಪ್ ಐತಿ.’

ಅವತ್ತು ಮಂಗಳವಾರ. ಆಟೋ ಬಂದು ನಿಂತಿತ್ತು. ಕರೆದೊಯ್ಯಬೇಕಾದವಳಿಗೆ ಜ್ವರ. ನಾನೇ ಹತ್ತಿ ಕೂತೆ, ಮೂರು ಮಕ್ಕಳ ಜೊತೆ. ಸಂಜೆ ಬಂದು ಆ ಖಾಲಿ ಹಾಳೆಯಲ್ಲಿ ಬರೆದೆ: ‘ರಾಯದುರ್ಗ. ನನ್ನ ಕಡೆಯಿಂದ ಆಳು ಒಂದು. ಅವರು ತಿರುಗಿಸಬೇಕಾದ್ದು, ಒಂದು ಮಂಗಳವಾರ.’